ಬಿಬಿಜಾನಳ ಬುಟ್ಟಿ ಹಾಡು

ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಅವ್ವ ಭಾಗಮ್ಮ ಕಲ್ಲಿನ ರಾಶಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಬಿಸಿಲಿಗಲ್ಲ. ಬೆಳಗಿನಿಂದ ಅವಳ ತಲೆಯ ಮೇಲೆ ಬುಟ್ಟಿ ಹೊರಿಸುತ್ತಿದ್ದ ಮುಕಾದಮನ, ಅಂದರೆ ಕೂಲಿಯವರ ಮೇಸ್ತ್ರಿಯ, ಕೈಗೆ. ಆ ಕೈಗೆ ನಶ್ಯದ ವಾಸನೆ ಇತ್ತು. ಬುಟ್ಟಿ ತಲೆಯ ಮೇಲಿನ ಸಿಂಬಿಗೆ ತಾಗಿದ ಮೇಲೂ ಆ ಕೈ ಅವಳ ಮೈ ಬಿಟ್ಟು ಹೋಗುತ್ತಿರಲಿಲ್ಲ. ಬೆನ್ನ ಮೇಲಿಂದ ಇಳಿದು ನಡುವಿನ ಹತ್ತಿರ ನಿಲ್ಲುತ್ತಿತ್ತು. ಎರಡೂ ಕೈಯಿಂದ ಬುಟ್ಟಿ ಹಿಡಿದವಳು ಅದನ್ನು ಯಾವ ಕೈಯಿಂದ ತಳ್ಳಬೇಕು?

ಆಗ ಒಬ್ಬ ಹೆಂಗಸು ತಗಡಿನ ಡಬ್ಬಿಯಲ್ಲಿ ನೀರು ತಂದು ಅವ್ವನ ಎದುರು ಕುಕ್ಕರಗಾಲಲ್ಲಿ ಕುಳಿತಳು.

“ಈಗೇ ಕುಡೀಬ್ಯಾಡ. ಮೊದಲ ಬಾಯಿ ಮುಕ್ಕಳಸು. ನಂದೂ ಮೊದಲನೇ ದಿನ ಹಿಂಗೇ ಆಗಿತ್ತು.”

“ಮತ್ತ ನೀವು ಹ್ಯಾಂಗ ತಡಕೊಂಡ್ರಿ?” ಎಂದಳು ಅವ್ವ.

“ಎಲ್ಲಿ ತಡಕೊಂಡೀನಿ? ಆರು ವರ್ಷ ಆತು, ದಿನಾ ಮನಿಗಿ ಹೋಗಿ ನಡು ತಿಕ್ಕಿ ತಿಕ್ಕಿ ತೊಳಕೋತೀನಿ. ಹೋಗಂಗಿಲ್ಲ ಅದು.”

ಆಕೆಯೇ ಬಿಬಿಜಾನ್. ಅದು ಸಾವಿರದ ಒಂಬೈನೂರ ಅರವತ್ತಾರನೆಯ ಇಸವಿ. ನಾನಾಗ ಮೂರು ವರ್ಷದವಳು. ಮುಂದೆ ಅವಳನ್ನು ಖಾಲಾ ಎಂದು ಕರೆದೆ. ಅವರ ಮಾತಿನಲ್ಲಿ ಹಾಗೆಂದರೆ ಚಿಕ್ಕವ್ವ. ಅವ್ವ ಹೇಳಿದ್ದು, ಖಾಲಾ ಹೇಳಿದ್ದು, ಆಮೇಲೆ ನಾನೇ ಕಣ್ಣಾರೆ ಕಂಡದ್ದು, ಇಷ್ಟನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಬಿಬಿಜಾನ್ ಹುಟ್ಟಿದ್ದು ಗುಂಡಗುರ್ತಿಯ ಪಿಂಜಾರರ ಮನೆಯಲ್ಲಿ. ಅಪ್ಪ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ತುಂಬುವವ. ಹಿಂಜುವ ಬಿಲ್ಲಿನ ಸದ್ದು ಕೇಳುತ್ತಲೇ ಬೆಳೆದಿದ್ದರಿಂದ ಅವಳ ಬೆರಳು ಸುಮ್ಮನೆ ಇರುತ್ತಿರಲಿಲ್ಲ. ಕೊಡ, ತಟ್ಟೆ, ಬಾಗಿಲು, ಸಿಕ್ಕಿದ್ದರ ಮೇಲೆ ತಾಳ ಹಾಕುತ್ತಿದ್ದಳು. ಹದಿನೈದಕ್ಕೆ ಶಹಾಬಾದಿನ ಕಲ್ಲು ಒಡೆಯುವವನಿಗೆ ಕೊಟ್ಟರು. ಐದು ವರ್ಷಕ್ಕೆ ಅವನು ಜಾರಿದ ಪರಸಿ ಎಂಬ ಹಾಸುಗಲ್ಲಿನ ಕೆಳಗೆ ಸಿಕ್ಕು ಸತ್ತ. ತಮ್ಮ ಮಜೀದಸಾಬ ಸುಲೇಪೇಟದಲ್ಲಿ ಗಾದಿ ಅಂಗಡಿ ಹಾಕಿದಾಗ ಬಂದು ಕರೆದ. ತಮ್ಮನ ಹೆಂಡತಿಯ ಕೈಕೆಳಗೆ ಅನ್ನ ತಿನ್ನುವುದು ಬೇಡವೆಂದು ಇವಳು ಗಂಡ ಸತ್ತ ಖಣಿಯಲ್ಲೇ ಬುಟ್ಟಿ ಹೊರಲು ನಿಂತಳು.

ನನ್ನ ಅವ್ವನದು ಬೇರೆ ದಾರಿ. ಕೊಡ್ಲಿಯಲ್ಲಿ ಅಪ್ಪ ಇನ್ನೊಬ್ಬಳನ್ನು ಮನೆಗೆ ತಂದು ಕೂರಿಸಿದ ದಿನ ಅವ್ವ ನನ್ನನ್ನು ಎತ್ತಿಕೊಂಡು ಹೊರಬಿದ್ದಳು. ಲಿಂಗಾಯತರ ಮನೆ ಹೆಣ್ಣುಮಗಳು ಖಣಿಯಲ್ಲಿ ಕಲ್ಲು ಹೊರುವುದೇ ಎಂದು ಬಳಗದವರು ಮೂಗು ಮುರಿದರು. ಮೂಗು ಮುರಿದವರಲ್ಲಿ ಒಬ್ಬರೂ ಒಂದು ರೊಟ್ಟಿ ಕೊಡಲಿಲ್ಲ.

ಖಣಿಯ ಕೆಲಸ ಹೀಗೆ. ಗಂಡಸರು ನೆಲದೊಳಗಿನ ಕಲ್ಲನ್ನು ಪದರ ಪದರವಾಗಿ ಎಬ್ಬಿಸುತ್ತಾರೆ. ಒಡೆದ ಚೂರು, ಮಣ್ಣು ಎಲ್ಲವನ್ನೂ ಹೆಂಗಸರು ಕಬ್ಬಿಣದ ಬುಟ್ಟಿಯಲ್ಲಿ ಹೊತ್ತು ಮೇಲೆ ತಂದು ಸುರಿಯುತ್ತಾರೆ. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸಿಕೊಳ್ಳಲಾಗುವುದಿಲ್ಲ, ಇನ್ನೊಬ್ಬರು ಎತ್ತಿಕೊಡಬೇಕು. ಆ ಎತ್ತಿಕೊಡುವ ಕೆಲಸವನ್ನು ಮುಕಾದಮ ಜಗದೇವಪ್ಪ ತನ್ನದೆಂದು ಇಟ್ಟುಕೊಂಡಿದ್ದ. ಖಣಿಯಲ್ಲಿ ಹತ್ತೊಂಬತ್ತು ಹೆಂಗಸರು. ಮುದುಕಿಯರ ಬುಟ್ಟಿ ಎತ್ತಲು ಅವನಿಗೆ ಪುರಸೊತ್ತು ಇರುತ್ತಿರಲಿಲ್ಲ.

ಅವ್ವನ ಹಣೆಯ ವಿಭೂತಿ ನೋಡಿ ಅವನು ಹಲ್ಲು ಕಿರಿದಿದ್ದನಂತೆ. “ನಮ್ಮ ಮಂದಿ ಹೆಣ್ಮಗಳದಿ. ನಿನಗ ಹಗೂರ ಬುಟ್ಟಿ ಕೊಡತೀನಿ, ನಾನೇ ನಿಂತು ಹೊರಸ್ತೀನಿ.”

ಮರುದಿನ ಅವನು ಹತ್ತಿರ ಬರುವ ಮೊದಲೇ ಬಿಬಿಜಾನ್ ಅವ್ವನ ಬುಟ್ಟಿಗೆ ಕೈ ಹಾಕಿದಳು. “ಏಳು, ನಂದು ನೀ ಎತ್ತು, ನಿಂದು ನಾ ಎತ್ತತೀನಿ.” ತನ್ನ ಬುಟ್ಟಿಯನ್ನು ಅರ್ಧ ತುಂಬಿ ಅವ್ವನ ಕೈಯಿಂದ ಎತ್ತಿಸಿಕೊಂಡಳು. ಅಷ್ಟು ದಿನ ಯಾರಿಗೂ ಇದು ಹೊಳೆದಿರಲಿಲ್ಲವೆಂದಲ್ಲ. ಹೊಳೆದವರಿಗೆ ಜೊತೆ ಸಿಕ್ಕಿರಲಿಲ್ಲ. ವಾರದೊಳಗೆ ಆರು ಜೋಡಿಯಾದವು.

ಜಗದೇವಪ್ಪ ಕೂಗಾಡಿದ. “ಇಬ್ಬಿಬ್ಬರು ಕೂಡಿ ಹೊತ್ತು ಕಳೀಲಿಕತ್ತೀರೇನು? ಬುಟ್ಟಿ ಹೊರಿಸೂದು ನನ್ನ ಕೆಲಸ.”

“ಹೊರಿಸೂದು ನಿಂದಾದ್ರ ಹೊರೂದೂ ನಿಂದೇ ಆಗಲಿ, ಬಾ, ನಾವು ಎತ್ತಿಕೊಡತೀವಿ,” ಎಂದಳು ಬಿಬಿಜಾನ್. ಹತ್ತೊಂಬತ್ತು ಜನವೂ ನಕ್ಕರು. ಆ ನಗೆಯ ನಡುವೆಯೇ ಅವಳು ಬರಿದಾದ ಬುಟ್ಟಿಯನ್ನು ಬೋರಲು ಹಾಕಿ ಬೆರಳಿಂದ ಬಡಿದು ಹಾಡು ಕಟ್ಟಿದಳು:

ನನ್ನ ಬುಟ್ಟಿ ನೀ ಎತ್ತ ಗೆಳತಿ,
ನಿನ್ನ ಬುಟ್ಟಿ ನಾ ಎತ್ತತೀನಿ;
ಐದನೇ ಕೈ ಯಾಕ ಗೆಳತಿ,
ನಾಕು ಕೈ ನಮ್ಮವೇ ಅವ.

ಅವ್ವ ಎಂದೂ ಹಾಡಿದವಳಲ್ಲ. ಅಂದು ಎರಡನೇ ಸಲಕ್ಕೆ ದನಿ ಸೇರಿಸಿದಳು. ಮೂರನೇ ಸಲಕ್ಕೆ ಹೆಂಗಸರು ಎದುರು ಬದುರು ನಿಂತು, ಕೈಗೆ ಕೈ ತಟ್ಟಿ, ಜಾಗ ಬದಲಿಸುತ್ತ ಕುಣಿದರು. ಖಣಿಯ ತಳದಲ್ಲಿ ಕಲ್ಲು ಒಡೆಯುತ್ತಿದ್ದವರು ಉಳಿ ಕೆಳಗಿಟ್ಟು ನೋಡಿದರಂತೆ.

ಜಗದೇವಪ್ಪ ಬಿಬಿಜಾನಳನ್ನೂ ಅವ್ವನನ್ನೂ ನಾಳೆಯಿಂದ ಬರಬೇಡಿ ಎಂದ. ಉಳಿದ ಹದಿನೇಳು ಮಂದಿ ಬುಟ್ಟಿ ಕೆಳಗಿಟ್ಟು ಕುಳಿತರು. ಸ್ಟೇಷನ್ನಿನಲ್ಲಿ ಕಲ್ಲು ತುಂಬಬೇಕಾದ ವ್ಯಾಗನ್ನು ನಿಂತಿತ್ತು. ಖಣಿಯೊಳಗಿನ ಚೂರು ಹೊರಗೆ ಹೋಗದೆ ಹೊಸ ಕಲ್ಲು ಎಬ್ಬಿಸುವಂತಿರಲಿಲ್ಲ. ಮೂರನೇ ದಿನ ಧಣಿ ಬಂದು ಎಲ್ಲ ಕೇಳಿದ, ತಲೆ ಆಡಿಸಿದ, ಮುಕಾದಮನನ್ನು ತೆಗೆದ. ಹೆಂಗಸರು ಮತ್ತೆ ಕುಣಿದರು. ಬಿಬಿಜಾನ್ ಬೆಲ್ಲ ಹಂಚಿದಳು.

ಹದಿನೈದು ದಿನಕ್ಕೆ ಸುದ್ದಿ ಬಂತು. ಧಣಿ ಅವನನ್ನು ಕೆಲಸದಿಂದ ತೆಗೆದಿರಲಿಲ್ಲ. ವಾಡಿಯ ಕಡೆ ಇದ್ದ ತನ್ನ ಇನ್ನೊಂದು ಖಣಿಗೆ ಕಳಿಸಿದ್ದ. ಅಲ್ಲಿಯೂ ಹೆಂಗಸರು ಬುಟ್ಟಿ ಹೊರುತ್ತಿದ್ದರು.

ಬಿಬಿಜಾನ್ ಅಂದು ಊಟ ಬಿಟ್ಟಳು. “ನಮ್ಮ ಅಂಗಳದಾಗಿನ ಹೇಲು ಬಳದು ಮಂದಿ ಅಂಗಳಕ್ಕ ಒಗದಂಗಾತು ಭಾಗಮ್ಮಾ. ಅದಕ್ಕ ನಾ ಬೆಲ್ಲ ಹಂಚೀನಿ, ಥೂ.”

ಬರುವ ರಜೆಯ ದಿನವೇ ಇಬ್ಬರೂ ರೈಲು ಹತ್ತಿ ವಾಡಿಗೆ ಹೋದರು. ಹೆಂಗಸರು ನೀರು ತುಂಬುವ ಜಾಗದಲ್ಲಿ ಕುಳಿತು, ಕೊಡ ಬಡಿದು ಹಾಡು ಹೇಳಿಕೊಟ್ಟರು. ಅಲ್ಲಿನವರಿಗೆ ಹಾಡಿನ ಅರ್ಥ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಅವರ ಮೈಗೆ ಆಗಲೇ ಗೊತ್ತಾಗಿತ್ತು. ಹಾಡು ಹಬ್ಬಿದ್ದು ಹೀಗೆ. ವಾಡಿಯಿಂದ ಚಿತ್ತಾಪುರಕ್ಕೆ, ಅಲ್ಲಿಂದ ಸೇಡಂನ ಬೇಳೆ ಆರಿಸುವ ಹೆಂಗಸರಿಗೆ.

ಮುಂದಿನ ಹದಿನೈದು ವರ್ಷ ಅರಿಶಿನದ ಶಾಸ್ತ್ರಕ್ಕೆ, ಮೆಹಂದಿಗೆ ಬಿಬಿಜಾನ್ ಬೇಕೇ ಬೇಕು. ಡೋಲಕ್ಕು ಮೊಣಕಾಲ ಕೆಳಗಿಟ್ಟುಕೊಂಡು ಅವಳು ಬಾರಿಸಲು ಶುರು ಮಾಡಿದರೆ ಗಂಡಸರು ಕಾಲಿಡದ ನಡುಮನೆಯಲ್ಲಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಅತ್ತೆ ಸೊಸೆ ಎಲ್ಲ ಒಂದೇ ಸಾಲಿಗೆ ಬರುತ್ತಿದ್ದರು. ದೊಡ್ಡ ಮನೆಯ ಕೆಲವರು “ಖಣಿ ಹಾಡು” ಎಂದು ತುಟಿ ಕೊಂಕಿಸಿದ್ದೂ ಉಂಟು. ಅವರೇ ಮೂರನೇ ಸಾಲಿಗೆ ಕೈ ತಟ್ಟುವುದನ್ನು ನಾನು ಕಂಡಿದ್ದೇನೆ. ಕೈಗೆ ಕೈ ತಟ್ಟಿ ಜಾಗ ಬದಲಿಸುವಾಗ ಯಾರದೋ ಬೆವರು ಯಾರಿಗೋ ಹತ್ತುತ್ತಿತ್ತು. ಅದಕ್ಕೆ ಯಾರೂ ಹೇಸಿದ್ದು ನಾನು ನೋಡಲಿಲ್ಲ.

ಎಂಬತ್ತಮೂರರಲ್ಲಿ ಧರ್ಮಣ್ಣ ಎಂಬವನು ಖಾಲಾಳನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದ. ವಾಡಿಯಲ್ಲಿ ಸೌಂಡ್ ಸೆಟ್ಟು ಬಾಡಿಗೆಗೆ ಕೊಡುವವ, ಕ್ಯಾಸೆಟ್ಟು ಮಾರುವವ. ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು, ನೆಲದ ಮೇಲೇ ಕುಳಿತ.

“ಅಕ್ಕೋರೆ, ನಿಮ್ಮ ಹಾಡು ನಿಮ್ಮ ಹಿಂದ ಹೋಗಬಾರದು. ನಿಮ್ಮದೇ ದನಿಯಾಗ ತುಂಬಿಕೋತೀನಿ. ಊರೂರಿಗಿ ಕೇಳಸ್ತೀನಿ.”

ಅವ್ವನಿಗೆ ಮನಸ್ಸಿರಲಿಲ್ಲ. “ನಡುಮನಿ ಹಾಡು ಬಜಾರಕ್ಕ ಯಾಕ ಬೀಬೀ?”

“ನಾವು ಎಷ್ಟ ಊರಿಗಿ ರೈಲು ಹತ್ತಿ ಹೋಗಬೇಕು ಭಾಗಮ್ಮಾ? ನಾವು ಕಾಣದ ಖಣಿ ಎಷ್ಟ ಅವ,” ಎಂದಳು ಖಾಲಾ. ಅವಳ ಆಸೆ ಅದು. ಹನ್ನೊಂದು ಹೆಂಗಸರು ನಮ್ಮ ಮನೆಯಲ್ಲೇ ಕುಳಿತು ಹಾಡಿದರು. ಧರ್ಮಣ್ಣ ಜಿಲೇಬಿ ತರಿಸಿದ. ಟೇಪಿನಲ್ಲಿ ತನ್ನ ದನಿಯನ್ನು ತಾನೇ ಕೇಳಿ ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಐದು ತಿಂಗಳಾದ ಮೇಲೆ ಸುಲೇಪೇಟದಲ್ಲಿ ಮಜೀದಸಾಬನ ಮಗನ ಮದುವೆ. ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಮಧ್ಯಾಹ್ನದ ಬಿಸಿಲಲ್ಲಿ ಬಜಾರಿನ ನಡುವೆ ಮದುಮಗನ ಮೆರವಣಿಗೆ ಬರುತ್ತಿತ್ತು. ಎತ್ತಿನ ಗಾಡಿಯ ಮೇಲೆ ಎರಡು ದೊಡ್ಡ ಸ್ಪೀಕರು. ಅದರಿಂದ ಖಾಲಾಳ ದನಿ ಬಂತು: “ನನ್ನ ಬುಟ್ಟಿ ನೀ ಎತ್ತ ಗೆಳತಿ.” ಖಾಲಾ ನನ್ನ ಕೈ ಹಿಡಿದಳು. ಮುಖ ಅರಳಿತ್ತು.

ಆ ಒಂದು ಸಾಲಿಗೆ ಅವಳ ದನಿ ತುಂಡಾಯಿತು. ಡಿಸ್ಕೋ ಎಂದು ಆಗ ಎಲ್ಲರಿಗೂ ಹುಚ್ಚು ಹಿಡಿದಿತ್ತಲ್ಲ, ಆ ಬಡಿತ ಶುರುವಾಯಿತು. ಅದರ ಮೇಲೆ ಒಬ್ಬ ಗಂಡಸಿನ ದನಿ, ಎಂಜಲು ನುಂಗುತ್ತ ನರಳುವ ದನಿ: “ನಿನ್ನ ಬುಟ್ಟಿ ನಾ ಎತ್ತತೀನಿ, ಹುಡುಗೀ.” ಮತ್ತೆ ಅದೇ. ಮತ್ತೆ ಅದೇ, ನಡುನಡುವೆ ಸಿಳ್ಳು. ಮಾತು ಬದಲಿಸಿದ್ದು ಒಂದೇ; ಗೆಳತಿ ಹೋಗಿ ಹುಡುಗಿ ಬಂದಿದ್ದಳು. ಐದನೇ ಕೈ ಬೇಡವೆನ್ನುವ ಸಾಲು ಇರಲೇ ಇಲ್ಲ. ಹಾಡುತ್ತಿದ್ದದ್ದೇ ಐದನೇ ಕೈ.

ಗಾಡಿಯ ಮುಂದೆ ಹುಡುಗರು ಕುಣಿಯುತ್ತಿದ್ದರು. ಒಬ್ಬ ಸೀರೆ ಸುತ್ತಿಕೊಂಡು ತಲೆಯ ಮೇಲೆ ಬುಟ್ಟಿ ಹಿಡಿದಿದ್ದ. ಇನ್ನೊಬ್ಬ ಹಿಂದಿನಿಂದ ಬಂದು ಬುಟ್ಟಿಗೆ ಕೈ ಕೊಟ್ಟು, ಆ ಕೈಯನ್ನು ನಿಧಾನವಾಗಿ ಅವನ ಬೆನ್ನಿನಿಂದ ನಡುವಿಗೆ ಇಳಿಸಿದ. ಸುತ್ತಲಿನವರು ಹೋ ಎಂದರು. ಮಾಳಿಗೆಯ ಮೇಲೆ ನಿಂತ ಹೆಂಗಸರೂ ನಕ್ಕರು. ಅವ್ವನ ಮುಖ ಸುಣ್ಣದಂತಾಯಿತು. ಹದಿನೇಳು ವರ್ಷದ ಹಿಂದೆ ಅವಳ ಬೆನ್ನ ಮೇಲೆ ಇಳಿದ ಕೈಯನ್ನು ಆ ಹುಡುಗ ಎಲ್ಲಿಯೂ ಕಂಡಿರಲಿಲ್ಲ, ಆದರೂ ತಪ್ಪಿಲ್ಲದೆ ತೋರಿಸಿದ್ದ.

ಮಜೀದಸಾಬ ಬೆವರು ಒರೆಸುತ್ತ ಓಡಿ ಬಂದ. “ಆಪಾ! ಕೇಳಿದ್ಯಾ? ನಿನ್ನ ಹಾಡು! ಎಲ್ಲಾ ಮದುವಿಯಾಗ ಇದೇ ಹಚ್ಚತಾರ. ನಮ್ಮ ಆಪಾಂದು ಅಂತ ನಾ ಎಲ್ಲಾರಿಗೂ ಹೇಳೀನಿ.”

“ಎಲ್ಲಾರಿಗೂ ಹೇಳೀದೇನು?” ಖಾಲಾಳ ದನಿ ಇಳಿದಿತ್ತು. “ಮಜೀದ್, ಅದನ್ನ ಬಂದ ಮಾಡಸು.”

“ಏ, ಖುಷಿ ಕೆಲಸದಾಗ... ಹುಡುಗ್ರು ಕುಣೀಲಿಕತ್ತಾರ. ಮಂದಿ ಏನಂತಾರ?”

“ನಿನ್ನ ಅಕ್ಕನ ಮೈಮ್ಯಾಲ ಕೈ ಆಡಸಲಿಕತ್ತಾರ ನಿನ್ನ ಮನಿ ಮುಂದ. ನೀ ಅವರಿಗಿ ಶರಬತ್ತ ಕೊಡಲಿಕತ್ತೀದಿ.”

ಅವನಿಗೆ ತಿಳಿಯಲಿಲ್ಲವೋ, ತಿಳಿಯುವುದು ಬೇಕಿರಲಿಲ್ಲವೋ. ಸ್ಪೀಕರು ನಿಲ್ಲಲಿಲ್ಲ. ಒಡಹುಟ್ಟಿದ ತಮ್ಮನ ಮಗನ ಮದುವೆಯಲ್ಲಿ ಒಂದು ತುತ್ತೂ ಮುಟ್ಟದೆ ಖಾಲಾ ಬಸ್‌ಸ್ಟ್ಯಾಂಡಿಗೆ ನಡೆದಳು. ದಾರಿಯುದ್ದಕ್ಕೂ ಉಗುಳುತ್ತಿದ್ದಳು. ಬಾಯಲ್ಲಿ ಉಗುಳುವುದಕ್ಕೆ ಏನೂ ಉಳಿಯದ ಮೇಲೂ ಉಗುಳಿದಳು.

ಮರುದಿನ ಧರ್ಮಣ್ಣನ ಅಂಗಡಿಗೆ ಹೋದೆವು. ಅವನ ನಗೆ ಮೊದಲಿನಂತೆಯೇ ಇತ್ತು. “ಬರ್ರಿ ಅಕ್ಕೋರೆ, ಕುಂದ್ರಿ. ಚಹಾ ತರಸ್ಲಿ?”

“ನನ್ನ ದನಿ ಅದರಾಗಿಂದ ತಗಿ,” ಎಂದಳು ಖಾಲಾ, ನಿಂತೇ.

“ಅದು ಹ್ಯಾಂಗ ಬರ್ತದ್ರಿ? ಎಲ್ಲಾ ಕಡಿ ಹೋಗ್ಯಾವ ಕ್ಯಾಸೆಟ್. ಮತ್ತ ನಾ ಏನ ಕೆಡಿಸೀನಿ ಹೇಳ್ರಿ? ಒಂದ ಮಾತು ಬದಲ ಮಾಡೀನಿ. ಮಂದಿ ಕೇಳತಾರ, ನಾವು ಕೊಡತೀವಿ.”

“ಕೈ ಮುಗದು ಬಂದಿದ್ದಿ ನೀನು,” ಎಂದಳು ಅವ್ವ. “ಚಪ್ಪಲಿ ಹೊರಗ ಬಿಟ್ಟು ಬಂದಿದ್ದಿ.”

“ಈಗೂ ಮುಗೀತೀನಿ ಬಿಡ್ರಿ,” ಎಂದು ನಿಜಕ್ಕೂ ಕೈ ಮುಗಿದ. ಅದೇ ಹೊತ್ತಿಗೆ ಇಬ್ಬರು ಗಂಡಸರು ಬಂದು “ಬುಟ್ಟಿ ಕ್ಯಾಸೆಟ್ ಅದ ಏನು?” ಎಂದರು. ಅವನು ಒಂದು ಕ್ಷಣ ಖಾಲಾಳ ಮುಖ ನೋಡಿದ. ನೋಡಿಯೂ, ಕ್ಯಾಸೆಟ್ಟು ಸರಿಯಿದೆಯೆಂದು ತೋರಿಸಲು ಟೇಪಿಗೆ ಹಾಕಿದ. ಖಾಲಾಳ ದನಿ ಅವಳ ಎದುರಿಗೇ ಗೆಳತೀ ಎಂದು ಕರೆಯಿತು. ಆ ಇಬ್ಬರೂ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಖಾಲಾ ಕೈ ಚಾಚಿ ಆ ಟೇಪನ್ನು ಕಟ್ಟೆಯಿಂದ ಕೆಳಗೆ ತಳ್ಳಿದಳು. ಅದು ಬಿದ್ದು ಮುಚ್ಚಳ ಕಿತ್ತುಹೋಯಿತು. ಧರ್ಮಣ್ಣನ ನಗೆ ಆಗ ಹೋಯಿತು. ಅವನು ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಅಲ್ಲಿಂದ ಮುಂದೆ ಖಾಲಾ ಆ ಹಾಡು ಹಾಡಲಿಲ್ಲ. ಅದಕ್ಕಾಗಿ ಅವ್ವನಿಗೂ ಅವಳಿಗೂ ಜಗಳವಾಯಿತು. ಅಷ್ಟು ವರ್ಷದಲ್ಲಿ ನಾನು ಕಂಡ ದೊಡ್ಡ ಜಗಳ ಅದೊಂದೇ.

“ಅವ ಹೊಲಸ ಮಾಡಿದ ಅಂತ ನಾವು ಬಿಟ್ಟುಕೊಡೂದೇನು? ತೊಳದು ಇಟ್ಟುಕೋಬೇಕು,” ಎಂದಳು ಅವ್ವ.

“ನೀ ತೊಳಿ. ನನ್ನ ಬಾಯಾಗ ಅದು ಬಂದ್ರ ನಶ್ಯದ ವಾಸನಿ ಬರ್ತದ. ತುಂಬಿಕೋ ಅಂದಾಕಿ ನಾನು. ನೀ ಬ್ಯಾಡ ಅಂದಿದ್ದಿ.”

“ನಾ ಅಂದಿದ್ದು ಬಿಡು ಬೀಬೀ.”

“ಬಿಡಂಗಿಲ್ಲ ಅದು ನನ್ನ.” ಇಬ್ಬರೂ ಎಂಟು ದಿನ ಮಾತಾಡಲಿಲ್ಲ. ಖಣಿಯಲ್ಲಿ ಮಾತ್ರ ಒಬ್ಬರ ಬುಟ್ಟಿ ಒಬ್ಬರು ಎತ್ತಿಕೊಡುತ್ತಿದ್ದರು, ಮುಖ ನೋಡದೆ.

ಖಣಿಗೆ ಆಗ ಹೊಸ ಹುಡುಗಿಯರು ಬಂದಿದ್ದರು. ಅವರು ಹಾಡು ಕೇಳಿದ್ದೇ ಕ್ಯಾಸೆಟ್ಟಿನಲ್ಲಿ. ಹೊಸ ಮುಕಾದಮನೂ ಹಾಗೆಯೇ. ಒಂದು ದಿನ ಅವನು ಅದನ್ನೇ ಮೂಗಿನಲ್ಲಿ ಗುನುಗುತ್ತ, ಹದಿನಾರರ ಒಬ್ಬ ಹುಡುಗಿಯ ಬುಟ್ಟಿ ಎತ್ತಲು ಹೋದ. ಹುಡುಗಿ ನಾಚಿಕೊಂಡು ನಕ್ಕಳು. ನಗದೆ ಬೇರೇನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಖಾಲಾ ತನ್ನ ಬುಟ್ಟಿಯನ್ನು ಅಲ್ಲೇ ಸುರಿದು ನಡುವೆ ಹೋಗಿ ನಿಂತಳು.

“ಕೈ ತಗಿ. ಗುನುಗೂದೂ ಬಂದ ಮಾಡು. ಅದು ನಿಮ್ಮಂಥೋರ ಮ್ಯಾಲ ಕಟ್ಟಿದ ಹಾಡು.”

ಅವನು ಬೆಪ್ಪಾಗಿ ನೋಡಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲದ್ದೇ ಎಲ್ಲಕ್ಕಿಂತ ಹೇಸಿಗೆ ಎಂದು ಖಾಲಾ ಆಮೇಲೆ ಅವ್ವನಿಗೆ ಹೇಳಿದಳು. ಎಂಟು ದಿನದ ಮೌನ ಮುರಿದದ್ದು ಆ ಮಾತಿನಿಂದ.

ಮರುದಿನ ಹೊತ್ತು ಹುಟ್ಟುವ ಮೊದಲೇ ಇಬ್ಬರೂ ಖಣಿಗೆ ಹೋಗಿ, ಕೆಲಸಕ್ಕೆ ಬಾರದ ಪರಸಿ ಚೂರುಗಳನ್ನು ಒಂದರ ಮೇಲೊಂದು ಪೇರಿಸಿ ಎದೆಮಟ್ಟದ ಕಟ್ಟೆ ಕಟ್ಟಲು ಶುರು ಮಾಡಿದರು. ಬಂದ ಬಂದವರು ಕೈ ಹಾಕಿದರು. ಅರ್ಧ ದಿನದ ಕೆಲಸ ಹೋಯಿತೆಂದು ಮುಕಾದಮ ಒದರಿದ. ಯಾರೂ ತಿರುಗಿ ನೋಡಲಿಲ್ಲ. ಬುಟ್ಟಿಯನ್ನು ಕಟ್ಟೆಯ ಮೇಲೇ ಇಟ್ಟು ತುಂಬಿ, ಅಂಚಿಗೆ ಎಳೆದು, ಕೆಳಗೆ ತಲೆ ಕೊಟ್ಟು ಎದ್ದರೆ ಆಯಿತು. ಯಾರ ಕೈಯೂ ಬೇಡ. ಇಷ್ಟು ಸುಲಭದ ಕೆಲಸ ಹದಿನೇಳು ವರ್ಷ ಯಾಕೆ ಹೊಳೆಯಲಿಲ್ಲವೆಂದು ಅವ್ವ ಹಣೆ ಬಡಿದುಕೊಂಡಳು.

“ಹೊಳದಿದ್ರ ಹಾಡು ಹುಟ್ಟತಿರಲಿಲ್ಲ,” ಎಂದಳು ಖಾಲಾ. ಆ ಮಾತಿನಲ್ಲಿ ಸಂಕಟ ಇತ್ತೋ ಸಮಾಧಾನ ಇತ್ತೋ ನನಗೆ ಇಂದಿಗೂ ತಿಳಿಯದು.

ಎಂಬತ್ತೈದರಲ್ಲಿ ನನ್ನ ಮದುವೆಯಾಯಿತು. ಹುಡುಗ ಚಿಂಚೋಳಿಯ ಪ್ರಾಥಮಿಕ ಶಾಲೆಯ ಮಾಸ್ತರ, ಹೆಸರು ಅಯ್ಯಪ್ಪ. ಗಂಡಿನ ಕಡೆಯವರು ಸೌಂಡ್ ಸೆಟ್ಟು ತರುತ್ತಾರೆಂದು ಕೇಳಿ ನಾನೇ ಅವರಿಗೆ ಹೇಳಿ ಕಳಿಸಿದೆ: ಆ ಕ್ಯಾಸೆಟ್ಟು ಹಚ್ಚಿದರೆ ನಾನು ಹಸೆಗೆ ಏರುವುದಿಲ್ಲ. ಅವರ ಮನೆಯಲ್ಲಿ ದೊಡ್ಡ ರಂಪವಾಯಿತಂತೆ. ಇವರು ಸೆಟ್ಟನ್ನೇ ಬಿಟ್ಟು ಬಂದರು. ಆ ಒಂದು ಕಾರಣಕ್ಕೆ ಮುಂದೆ ಇವರ ಎಷ್ಟೋ ತಪ್ಪು ನಾನು ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಅರಿಶಿನದ ದಿನ ಅವ್ವ ಎದ್ದು ನಿಂತು ಬುಟ್ಟಿ ಹಾಡು ಎತ್ತಿಕೊಂಡಳು. ಹಳೆಯ ಹೆಂಗಸರು ಐದನೇ ಕೈಯ ಸಾಲನ್ನು ಬೇಕೆಂದೇ ಗಟ್ಟಿಯಾಗಿ, ಮೂರು ಮೂರು ಸಲ ಹೇಳಿದರು. ಖಾಲಾ ಡೋಲಕ್ಕು ಬಾರಿಸಿದಳು. ತಾಳ ಒಂದಿಷ್ಟೂ ತಪ್ಪಲಿಲ್ಲ. ಬಾಯಿ ಮಾತ್ರ ಬಿಗಿದುಕೊಂಡಿತ್ತು; ಕಹಿ ಗುಳಿಗೆ ನಾಲಗೆಯ ಮೇಲಿಟ್ಟುಕೊಂಡವಳ ಹಾಗೆ ಗೋಡೆ ನೋಡುತ್ತಿದ್ದಳು. ನಾನು ಅರಿಶಿನದ ಮೈಯಲ್ಲೇ ಹೋಗಿ ಅವಳ ಪಕ್ಕ ಕುಳಿತೆ.

“ಹಾಡು ಖಾಲಾ, ಇವತ್ತೊಂದಿನ.”

“ಹಟ ಮಾಡಬ್ಯಾಡ ಗುರುದೇವಿ. ಕುಣಿ ಹೋಗು ನೀ. ನಾ ಬಾರಿಸ್ತೀನಿ, ಎಷ್ಟೊತ್ತಾದ್ರೂ ಬಾರಿಸ್ತೀನಿ.”

ನಾನು ಎದ್ದು ಹೋಗಿ ಅವ್ವನ ಎದುರು ನಿಂತೆ. ಖಾಲಾ ಅದಾದ ಮೇಲೆ ಮೂರು ವರ್ಷ ಬದುಕಿದಳು. ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ಕೊನೆಗೆ ಮಾತಾಡಲೂ ಉಸಿರು ಸಾಲುತ್ತಿರಲಿಲ್ಲ. ಅವ್ವ ತಿಂಗಳುಗಟ್ಟಲೆ ಅವಳ ಮನೆಯಲ್ಲೇ ಇದ್ದು ನೋಡಿಕೊಂಡಳು. ಹೊರಗೆ ಯಾವುದಾದರೂ ಮೆರವಣಿಗೆಯಲ್ಲಿ ಆ ಕ್ಯಾಸೆಟ್ಟು ಕೇಳಿಸಿದರೆ ಅವ್ವ ಎದ್ದು ಹೋಗಿ ಕಿಟಕಿ ಹಾಕುತ್ತಿದ್ದಳು, ಎಂಥ ಧಗೆ ಇದ್ದರೂ.